ಹಲವರು ಬಳಸುವ ಫಂಕ್ಷನನ್ನು ಬದಲಿಸುವ ಕ್ರಮ: ಒಂದು ಅಭ್ಯಾಸ ಪಾಠ

ತರಗತಿ: ಪ್ರಥಮ ಪಿಯುಸಿ
ವಿಷಯ: ಗಣಕ ವಿಜ್ಞಾನ (ಪೈಥಾನ್)
ಅವಧಿ: 45 ನಿಮಿಷ
ಪೂರ್ವಜ್ಞಾನ: ಫಂಕ್ಷನ್ ಬರೆಯುವುದು, ಕರೆಯುವುದು
ಉಪಕರಣ: ಐದು ಕೋಡ್ ಹಾಳೆಗಳು, ಒಂದು ಲ್ಯಾಪ್‌ಟಾಪ್, ಪ್ರೊಜೆಕ್ಟರ್

ಉದ್ದೇಶ

ಫಂಕ್ಷನ್ ಬರೆಯಲು ವಿದ್ಯಾರ್ಥಿಗಳು ಬೇಗ ಕಲಿಯುತ್ತಾರೆ. ಆದರೆ ಹತ್ತಾರು ಜನ ಈಗಾಗಲೇ ಬಳಸುತ್ತಿರುವ ಫಂಕ್ಷನನ್ನು, ಯಾರ ಕೆಲಸವೂ ನಿಲ್ಲದಂತೆ ಬದಲಿಸುವುದು ಬೇರೆಯೇ ಕೌಶಲ. ಅದನ್ನು ಮಾಡಿಸಿಯೇ ತಿಳಿಸಬೇಕೆಂದು ಈ ಪಾಠವನ್ನು ಯೋಜಿಸಿದೆ.

ಚಟುವಟಿಕೆ

ಗ್ರಂಥಾಲಯದ ಒಂದು ಪುಟ್ಟ ಪ್ರೋಗ್ರಾಂ ಕೊಟ್ಟೆ. ಅದರಲ್ಲಿ ‘ದಂಡ(ದಿನ)’ ಎಂಬ ಫಂಕ್ಷನ್ ದಿನಕ್ಕೆ 1 ರೂಪಾಯಿಯಂತೆ ಲೆಕ್ಕ ಹಾಕುತ್ತದೆ. ಐದು ಗುಂಪುಗಳ ಹಾಳೆಗಳಲ್ಲೂ ಅದರ ಕರೆಗಳಿವೆ. ಇನ್ನು ಮುಂದೆ ದರವನ್ನೂ ಕೊಡಬೇಕು: ‘ದಂಡ(ದಿನ, ದರ)’.

ಮೊದಲ ಸುತ್ತಿನಲ್ಲಿ ಫಂಕ್ಷನನ್ನೇ ನೇರವಾಗಿ ಬದಲಿಸಿ, ಗುಂಪುಗಳಿಗೆ ತಮ್ಮ ಕರೆಗಳನ್ನು ತಿದ್ದಲು ಹೇಳಿದೆ. ನಾಲ್ಕು ಗುಂಪು ಮುಗಿಸಿದರೂ ಐದನೆಯದರ ಹಾಳೆಯಲ್ಲಿ ಪ್ರೋಗ್ರಾಂ ದೋಷ ತೋರಿಸಿ ನಿಂತಿತು. ಎಲ್ಲರೂ ಆ ಗುಂಪಿನ ಕಡೆ ತಿರುಗಿ, ‘ಬೇಗ ಮಾಡ್ರೋ’ ಎಂದು ಕೂಗತೊಡಗಿದರು.

ಎರಡನೇ ಸುತ್ತಿನಲ್ಲಿ ಹಳೆಯದನ್ನು ಮುಟ್ಟದೆ, ಪಕ್ಕದಲ್ಲೇ ‘ಹೊಸದಂಡ(ದಿನ, ದರ)’ ಸೇರಿಸಿದೆವು. ಹಳೆಯ ಫಂಕ್ಷನ್ ಒಳಗಿನಿಂದ ಹೊಸದನ್ನೇ ದರ 1 ಎಂದು ಕರೆಯುತ್ತದೆ. ಒಂದೊಂದು ಗುಂಪು ತಿದ್ದಿದಾಗಲೂ ಪ್ರೋಗ್ರಾಂ ಓಡಿಸಿ ನೋಡಿದೆವು, ಒಮ್ಮೆಯೂ ನಿಲ್ಲಲಿಲ್ಲ. ಕೊನೆಗೆ ಹಳೆಯ ಹೆಸರನ್ನು ಹುಡುಕಿ, ಒಂದು ಕರೆಯೂ ಉಳಿದಿಲ್ಲವೆಂದು ಖಚಿತವಾದ ಮೇಲೆ ಅಳಿಸಿದೆವು. ಐದನೇ ಗುಂಪು ಈ ಸಲವೂ ಕೊನೆಗೇ ಮುಗಿಸಿತು. ಯಾರೂ ಕೂಗಲಿಲ್ಲ.

ನಿಜ ಜಗತ್ತಿನ ನಿದರ್ಶನ

ಲಿನಕ್ಸ್ ಕರ್ನಲ್‌ನಲ್ಲಿ ಇಷ್ಟು ಹೊತ್ತಿನ ನಂತರ ಈ ಕೆಲಸ ಮಾಡು ಎಂದು ನಿಗದಿಪಡಿಸುವ ಟೈಮರ್ ವ್ಯವಸ್ಥೆಯಿದೆ. ಹಳೆಯ ಕ್ರಮದಲ್ಲಿ, ಸಮಯವಾದಾಗ ನಡೆಯುವ ಫಂಕ್ಷನ್‌ಗೆ ಒಂದು ಸಂಖ್ಯೆ ಸಿಗುತ್ತಿತ್ತು. ಸಾಮಾನ್ಯವಾಗಿ ಅದು ಸಂಖ್ಯೆಯ ವೇಷದ ಮೆಮೊರಿ ವಿಳಾಸ. ಅದು ಸರಿಯಾದ ಬಗೆಯದೇ ಎಂದು ಕಂಪೈಲರ್ ಪರಿಶೀಲಿಸಲಾಗುತ್ತಿರಲಿಲ್ಲ. ಫಂಕ್ಷನ್ನಿನ ವಿಳಾಸವೂ ಆ ಸಂಖ್ಯೆಯೂ ಒಟ್ಟಿಗೇ ಇದ್ದುದರಿಂದ, ಆ ಮೆಮೊರಿಯನ್ನು ಕೆಡಿಸಬಲ್ಲ ದಾಳಿಕೋರನಿಗೆ ಎರಡೂ ಕೈಗೆ ಸಿಗುತ್ತಿದ್ದವು. ಹೊಸ ಕ್ರಮದಲ್ಲಿ ಫಂಕ್ಷನ್‌ಗೆ ಟೈಮರ್‌ನ ವಿಳಾಸವೇ ಸಿಗುತ್ತದೆ.

ಹಳೆಯ ‘ಸೆಟಪ್ ಟೈಮರ್’ ಕರ್ನಲ್‌ನ ಅನೇಕ ಉಪವಿಭಾಗಗಳಲ್ಲಿ ಹರಡಿತ್ತು. 2017ರಲ್ಲಿ ಕೀಸ್ ಕುಕ್ ಮುಂದಾಳತ್ವದಲ್ಲಿ ಹೊಸ ‘ಟೈಮರ್ ಸೆಟಪ್’ ಅನ್ನು ಹಳೆಯದರ ಪಕ್ಕದಲ್ಲೇ ಸೇರಿಸಲಾಯಿತು. ನಂತರ ತಿದ್ದುಪಡಿಗಳು ಸಣ್ಣ ಸಣ್ಣ ಪ್ಯಾಚ್‌ಗಳಾಗಿ ಆಯಾ ಉಪವಿಭಾಗ ನೋಡಿಕೊಳ್ಳುವವರ ಪರಿಶೀಲನೆಗೆ ಹೋದವು. ಒಂದೇ ಮಾದರಿಯ ತಿದ್ದುಪಡಿಗಳಿಗೆ ಕಾಕ್ಸಿನೆಲ್ ಎಂಬ ಉಪಕರಣ ಬಳಸಿದರು. ನಿಯಮ ಬರೆದುಕೊಟ್ಟರೆ ಅದು ಹೊಂದುವ ಕಡೆಯೆಲ್ಲ ಕೋಡ್ ತಿದ್ದುತ್ತದೆ. ಫ್ರೆಂಚ್‌ನಲ್ಲಿ ಆ ಹೆಸರಿಗೆ ಗುಲಗಂಜಿ ಹುಳು ಎಂದರ್ಥ ಎಂದಾಗ ತರಗತಿ ನಕ್ಕಿತು. ನಿಯಮಕ್ಕೆ ಹೊಂದದವನ್ನು ಕೈಯಿಂದಲೇ ತಿದ್ದಬೇಕಾಯಿತು. 2018ರ ಜನವರಿಯಲ್ಲಿ ಬಂದ 4.15 ಆವೃತ್ತಿಯ ಹೊತ್ತಿಗೆ ಹಳೆಯದನ್ನು ತೆಗೆದುಹಾಕಿದ್ದರು.

ನಮ್ಮ ಎರಡನೇ ಸುತ್ತಿನ ಕ್ರಮವೇ ಇದು: ಸೇರಿಸು, ಸ್ಥಳಾಂತರಿಸು, ಅಳಿಸು.

ಮೌಲ್ಯಮಾಪನ

1. ಹಳೆಯ ಫಂಕ್ಷನನ್ನು ಮೊದಲೇ ಅಳಿಸಿದರೆ ಏನಾಗುತ್ತದೆ?
2. ತಿದ್ದುಪಡಿಯ ನಡುವೆ ಯಾರಾದರೂ ಹಳೆಯ ಫಂಕ್ಷನ್ನಿಗೆ ಹೊಸ ಕರೆ ಬರೆದರೆ ಹೇಗೆ ಗೊತ್ತಾಗುತ್ತದೆ?

ಎರಡನೆಯದಕ್ಕೆ ಐದನೇ ಗುಂಪಿನ ಹುಡುಗಿ ಉತ್ತರಿಸಿದಳು: ‘ಅಳಿಸೋ ಮುಂಚೆ ಇನ್ನೊಂದ್ಸಲ ಹುಡುಕ್ಬೇಕು ಸರ್.’

ಸಹಪ್ರಶಿಕ್ಷಣಾರ್ಥಿಗಳಿಗೆ

ಎರಡು ಸುತ್ತುಗಳನ್ನೂ ಮಾಡಿಸಿ. ಮೊದಲನೆಯದಿಲ್ಲದೆ ಎರಡನೆಯದರ ಬೆಲೆ ತಿಳಿಯದು. ಗುಂಪು ಕೆಲಸದಲ್ಲಿ ನಿಧಾನವಾಗಿ ಕಲಿಯುವ ಮಗುವಿನ ಮೇಲೆ ಬರುವ ದೂರು ಎಷ್ಟೋ ಸಲ ನಾವು ಕೆಲಸ ಹಂಚಿದ ಕ್ರಮದಿಂದಲೇ ಹುಟ್ಟುತ್ತದೆ. ಕ್ರಮ ಬದಲಾದರೆ, ಅದೇ ಮಗು ತನ್ನ ವೇಗದಲ್ಲೇ ಕೆಲಸ ಮುಗಿಸುತ್ತದೆ.