ಹಳೇ ಮದುವೆ ಪತ್ರಿಕೆ ಹೊಳೆಗೆ ಬೇಡ, ಗೋಡೆಗಿರಲಿ

ಸೀತಮ್ಮನ ಮೂಗುತಿಯ ಮುತ್ತು ಕಾವೇರಿಗೆ ಬಿದ್ದಾಗ ಆಂಜನೇಯ ಬಾಲ ಇಳಿಬಿಟ್ಟು ಹುಡುಕಿ ಕೊಟ್ಟನೆಂಬುದು ಹೊಳೆದಂಡೆಯ ಮುತ್ತತ್ತಿಯ ಕತೆ. ಸುತ್ತ ಅಭಯಾರಣ್ಯ, ದಡದುದ್ದ ಹೊಳೆಮತ್ತಿ ಮರ. ಅಂಥ ಹೊಳೆಗೆ ಹಳೇ ಕ್ಯಾಲೆಂಡರು, ಮದುವೆ ಪತ್ರಿಕೆ ಬಿಡುವುದು ನೋಡಿದರೆ ಸಂಕಟವಾಗುತ್ತದೆ. ದೇವರ ಚಿತ್ರವನ್ನು ಕಸಕ್ಕೆ ಹಾಕಬಾರದೆಂಬ ಭಾವನೆ ಸರಿಯೇ. ಅದಕ್ಕೆ ಇನ್ನೊಂದು ದಾರಿಯಿದೆ: ಕತ್ತರಿಸಿ ಅಂಟಿಸಿ ವಾರ್ನಿಷ್ ಬಳಿಯುವ ಡಿಕೂಪಾಜ್ ಕಲೆ.

1. ಚಿಕ್ಕದರಿಂದ ಶುರು ಮಾಡಿ. ಬೀಗದ ಕೈ ನೇತುಹಾಕುವ ಹಲಗೆ, ಬಟ್ಟೆ ಗೂಟದ ಪಟ್ಟಿ, ಕನ್ನಡಿ ಚೌಕಟ್ಟು ಸಾಕು. ಬಚ್ಚಲುಮನೆ ಬೇಡ.

2. ಕಾಗದ ತೆಳ್ಳಗಿರಲಿ. ಕ್ಯಾಲೆಂಡರ್ ಹಾಳೆ ಹೇಳಿಮಾಡಿಸಿದಂತಿರುತ್ತದೆ. ಮದುವೆ ಪತ್ರಿಕೆ ದಪ್ಪ. ಮೂಲೆಯನ್ನು ಉಗುರಿನಿಂದ ಬಿಡಿಸಿ, ಚಿತ್ರವಿರುವ ಮೇಲ್ಪದರವನ್ನಷ್ಟೇ ನಿಧಾನವಾಗಿ ಸುಲಿಯಿರಿ. ಇಂಕ್‌ಜೆಟ್ ಪ್ರಿಂಟ್ ಅಂಟು ತಗುಲಿದರೆ ಕಲಸಿಹೋಗುತ್ತದೆ, ಲೇಸರ್ ಪ್ರಿಂಟ್ ನಿಲ್ಲುತ್ತದೆ.

3. ಕತ್ತರಿಯನ್ನು ಒಂದೇ ಕಡೆ ಹಿಡಿದು ಕಾಗದವನ್ನು ತಿರುಗಿಸಿ. ಬಳ್ಳಿಯ ಬಳುಕು ಒಡೆಯದೆ ಬರುತ್ತದೆ. ಈ ಕೆಲಸಕ್ಕೆ ಮನೆಯ ಅಜ್ಜಿಯನ್ನೂ ಕರೆಯಿರಿ. ಇಂಗ್ಲೆಂಡಿನ ಮೇರಿ ಡೆಲನಿ ಕಾಗದದ ಹೂ ಕತ್ತರಿಸಲು ಕೂತದ್ದೇ ಎಪ್ಪತ್ತು ದಾಟಿದ ಮೇಲೆ. 1772ರ ಹೊತ್ತಿಗೆ ಶುರುವಾದ ಆ ಕೆಲಸ ಹತ್ತು ವರ್ಷದಲ್ಲಿ ಸಾವಿರದ ಹತ್ತಿರ ಬಂತು. ಆ ಹೂಗಳು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

4. ಹಲಗೆಯ ಜಿಡ್ಡು ತೊಳೆದು, ಒಣಗಿಸಿ, ಸ್ಯಾಂಡ್‌ಪೇಪರಿನಿಂದ ಹೊಳಪು ತೆಗೆಯಿರಿ.

5. ಎರಡು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು. ಹಲಗೆಗೂ ಕಾಗದದ ಬೆನ್ನಿಗೂ ತೆಳ್ಳಗೆ ಸವರಿ, ನಡುವಿನಿಂದ ಅಂಚಿಗೆ ಬೆರಳಾಡಿಸಿ ಗಾಳಿ ಹೊರಡಿಸಿ. ಗುಳ್ಳೆ ಉಳಿದರೆ ಗುಂಡುಸೂಜಿ ಚುಚ್ಚಿ ಒತ್ತಿ. ಮೈದಾ ಅಂಟಿಗೆ ಜಿರಳೆ, ಹುಳ ಬರುತ್ತವೆ. ಅದಕ್ಕೆಂದೇ ಮೈಲುತುತ್ತ ಬೆರೆಸುತ್ತಿದ್ದರು. ಮಕ್ಕಳಿರುವ ಮನೆಗೆ ಆ ವಿಷ ಬೇಡ.

6. ಸ್ವಿಚ್‌ಬೋರ್ಡಿಗೆ ಅಂಟಿಸುವಾಗ ಅವಸರ ಕೂಡದು. ಮೇನ್ ಆಫ್ ಮಾಡಿಯೇ ಮೇಲಿನ ಪ್ಲೇಟ್ ಬಿಚ್ಚಿ; ಅಭ್ಯಾಸವಿಲ್ಲದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಸ್ವಿಚ್ಚಿನ ಗುಂಡಿ, ಪ್ಲಗ್ಗಿನ ತೂತುಗಳಿಂದ ಕಾಗದ ದೂರವಿರಲಿ. ಲಗ್ನಪತ್ರಿಕೆಯ ಚಿನ್ನದ ಮಿರುಗಿನಲ್ಲಿ ಲೋಹದ ಪದರ ಇರಬಹುದು, ಲೋಹದಲ್ಲಿ ಕರೆಂಟ್ ಹರಿಯುತ್ತದೆ. ಆ ಭಾಗ ಇಲ್ಲಿ ಖಂಡಿತ ಬೇಡ. ಪೂರ್ತಿ ಒಣಗಿದ ಮೇಲೆಯೇ ಪ್ಲೇಟ್ ಕೂರಿಸಿ.

7. ಯಾವುದು ಎಲ್ಲಿ ಎಂಬುದನ್ನು ಮನೆಯವರೆಲ್ಲ ಕೂತು ತೀರ್ಮಾನಿಸಿ. ಗಣಪತಿ, ವೆಂಕಟರಮಣ ದೇವರಗೂಡಿನ ಬಾಗಿಲಿಗೆ. ಎಂಜಲು ಕೈ ತಾಗುವ ಕಡೆ ಹೂ, ಮಾವಿನೆಲೆ, ಅಂಚಿನ ಬಳ್ಳಿ. ದೇವರ ಮುಖದ ಮೇಲೆ ಕತ್ತರಿ ಹಾಯಬಾರದು, ಮೊಳೆಯೂ ಬೀಳಬಾರದು. ವಧೂವರರ ಹೆಸರು, ಮುಹೂರ್ತದ ಸಾಲುಗಳನ್ನು ಎಸೆಯಬೇಡಿ. ಅವನ್ನು ಅಂಟಿಸಿದ ಬೀಗದ ಕೈ ಹಲಗೆಯನ್ನು ಆ ದಂಪತಿಗೇ ಕೊಡಿ; ಅಂಗಡಿಯ ಯಾವ ಉಡುಗೊರೆಯೂ ಇದಕ್ಕೆ ಸಾಟಿಯಾಗದು.

8. ವಾರ್ನಿಷ್‌ಗೆ ಮುಂಚೆ ಒಂದು ದಿನ ಕಾಯಿರಿ. ಮಳೆಗಾಲದಲ್ಲಿ, ಅದರಲ್ಲೂ ಹೊಳೆದಂಡೆಯ ಊರಲ್ಲಿ, ಎರಡು ದಿನ. ಹದಿನೆಂಟನೇ ಶತಮಾನದ ವೆನಿಸ್ಸಿನಲ್ಲಿ ಪೂರ್ವದೇಶದ ದುಬಾರಿ ಅರಗಿನ ಕೆಲಸಕ್ಕೆ ಬದಲಾಗಿ ಬಡಗಿಗಳು ಚಿತ್ರ ಅಂಟಿಸಿ ಪದರದ ಮೇಲೆ ಪದರ ವಾರ್ನಿಷ್ ಕೊಡುತ್ತಿದ್ದರು. ನಿಮ್ಮ ಹಲಗೆಗೂ ಅದೇ ಹದ: ಕಣ್ಣು ಮುಚ್ಚಿ ಬೆರಳಾಡಿಸಿದಾಗ ಕಾಗದದ ಅಂಚು ಸಿಗಬಾರದು. ಅಲ್ಲಿಯವರೆಗೆ ತೆಳ್ಳಗೆ ಬಳಿಯುತ್ತಲೇ ಇರಿ. ನೀರು ಆಧಾರಿತ ವಾರ್ನಿಷ್ ಎಣ್ಣೆಯದರಷ್ಟು ಹಳದಿಯಾಗದು. ಒರೆಸಲು ಒಣಬಟ್ಟೆ ಸಾಕು.