ತತ್ತರಿಸುವ ಇಲಿ

ಚಿಕ್ಕೋಡಿ ಸೀಮೆಯ ಕಬ್ಬೂರಿನಂತಹ ಊರುಗಳಲ್ಲಿ ಇಲಿಯೆಂದರೆ ರೈತನ ವೈರಿ. ಹೊಲದ ತೆನೆಯನ್ನೂ ಮನೆಯ ಕಾಳನ್ನೂ ಅದು ಸೂರೆಗೊಳ್ಳುತ್ತದೆ. ಆದರೆ ಪ್ರಯೋಗಶಾಲೆಯ ಪುಟ್ಟ ಸುಂಡಿಲಿಯು ಮನುಷ್ಯನಿಗೆ ಮಾಡಿರುವ ಉಪಕಾರ ಸಾಮಾನ್ಯವಾದುದಲ್ಲ.

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಸಾಕಿದ್ದ ಸುಂಡಿಲಿಗಳ ಕೆಲವು ಮರಿಗಳು ನೆಟ್ಟಗೆ ನಡೆಯಲಾರದೆ ತೂರಾಡಿ ಬೀಳುತ್ತಿದ್ದವು. ಅವುಗಳ ತಂದೆತಾಯಿಗಳಾದರೋ ಆರೋಗ್ಯವಾಗಿದ್ದವು. ಇದು ವಂಶಪಾರಂಪರ್ಯವಾಗಿ ಬಂದ ದೋಷವೆಂದು ಡಗ್ಲಸ್ ಫಾಲ್ಕನರ್ ಎಂಬ ತಳಿವಿಜ್ಞಾನಿ 1951ರಲ್ಲಿ ವಿವರಿಸಿದರು. ಆ ಇಲಿಗೆ ‘ರೀಲರ್’, ಎಂದರೆ ‘ತತ್ತರಿಸುವುದು’, ಎಂಬ ಹೆಸರಾಯಿತು.

ಗರ್ಭದಲ್ಲಿ ಮೆದುಳು ಬೆಳೆಯುವಾಗ ನರಕೋಶಗಳು ಒಳಗೆ ಹುಟ್ಟಿ ಹೊರಮೈಯತ್ತ ಸಾಗುತ್ತವೆ. ಮೊದಲು ಬಂದವು ಕೆಳಗೆ ನೆಲೆಸುತ್ತವೆ. ತರುವಾಯ ಬಂದವು ಅವನ್ನು ದಾಟಿ ಮೇಲೆ ನಿಲ್ಲುತ್ತವೆ. ಹೀಗೆ ಆರು ಪದರಗಳಾಗುತ್ತವೆ. ತತ್ತರಿಸುವ ಇಲಿಯಲ್ಲಿ ಹಿಂದೆ ಬಂದ ಕೋಶಗಳು ಮುಂದಿನವನ್ನು ದಾಟಲಾರವು. ಆದ್ದರಿಂದ ಪದರಗಳು ಬಹುಮಟ್ಟಿಗೆ ತಲೆಕೆಳಗಾಗುತ್ತವೆ. ಸಮತೋಲವನ್ನು ಕಾಯುವ ಕಿರುಮೆದುಳೂ ಸರಿಯಾಗಿ ಬೆಳೆಯುವುದಿಲ್ಲ.

ಇದಕ್ಕೆ ಕಾರಣವಾದ ವಂಶವಾಹಿ 1995ರಲ್ಲಿ ಪತ್ತೆಯಾಯಿತು. ಅದರಿಂದ ತಯಾರಾಗುವ ‘ರೀಲಿನ್’ ಎಂಬ ಪ್ರೋಟೀನು ನರಕೋಶಗಳಿಗೆ ಅವುಗಳ ನೆಲೆಯನ್ನು ಸೂಚಿಸುತ್ತದೆ. 2000ದಲ್ಲಿ ಇದೇ ವಂಶವಾಹಿಯ ದೋಷವು ಕೆಲವು ಮಕ್ಕಳಲ್ಲಿಯೂ ಕಂಡುಬಂದಿತು. ಅವರ ಮೆದುಳಿನ ಮಡಿಕೆಗಳು ಸರಿಯಾಗಿ ಮೂಡಿರಲಿಲ್ಲ. ಬುದ್ಧಿಯ ಬೆಳವಣಿಗೆಯೂ ಕುಂಠಿತವಾಗಿತ್ತು. ಅವರ ತಂದೆತಾಯಿಗಳು ರಕ್ತಸಂಬಂಧಿಗಳಾಗಿದ್ದರು.

ಈ ಮಾತು ನಮ್ಮ ನಾಡಿಗೂ ಸಲ್ಲುತ್ತದೆ. ಸೋದರಮಾವನ ಮಗಳನ್ನೋ ಅಕ್ಕನ ಮಗಳನ್ನೋ ಮದುವೆಯಾಗುವ ರೂಢಿ ಇಲ್ಲಿ ಹಳೆಯದು. ಪ್ರತಿಯೊಬ್ಬರಲ್ಲಿಯೂ ಇಂತಹ ವಂಶವಾಹಿಯ ಎರಡು ಪ್ರತಿಗಳಿರುತ್ತವೆ. ಒಂದು ತಂದೆಯದು, ಒಂದು ತಾಯಿಯದು. ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸುತ್ತದೆ. ದಂಪತಿಗಳಿಬ್ಬರೂ ಅದೇ ದೋಷವನ್ನು ಹೊತ್ತಿದ್ದರೆ, ಪ್ರತಿ ಬಸಿರಿನಲ್ಲಿಯೂ ರೋಗವುಳ್ಳ ಮಗು ಹುಟ್ಟುವ ಸಂಭವ ನಾಲ್ಕರಲ್ಲಿ ಒಂದು. ಒಬ್ಬನೇ ಅಜ್ಜನ ಸಂತತಿಯವರಲ್ಲಿ ಇಬ್ಬರಿಗೂ ಅದೇ ದೋಷವಿರುವ ಸಂಭವ ಹೆಚ್ಚು. ಹಾಗೆಂದು ಅಂತಹ ಎಲ್ಲ ಮದುವೆಗಳಲ್ಲಿಯೂ ಕೇಡು ಸಂಭವಿಸುವುದಿಲ್ಲ. ಹೊರಗಿನ ಸಂಬಂಧದಲ್ಲಿಯೂ ಅದು ತೋರಬಹುದು.

ಅಂಗವೈಕಲ್ಯವುಳ್ಳ ಮಗು ಹುಟ್ಟಿದರೆ ಜನರು ಗ್ರಹಣವನ್ನು ದೂರುತ್ತಾರೆ, ಹೆತ್ತ ತಾಯಿಯನ್ನು ಹಳಿಯುತ್ತಾರೆ. ಈ ಬಗೆಯ ದೋಷದಲ್ಲಿ ತಂದೆಯ ಪಾಲೂ ತಾಯಿಯ ಪಾಲೂ ಸಮ. ತಪ್ಪು ಮಾತ್ರ ಯಾರದೂ ಅಲ್ಲ. ನೊಂದ ತಾಯಿಯ ಮೇಲಿನ ಅಪವಾದವನ್ನು ಅಳಿಸಲು ಒಂದು ಬಡ ಇಲಿಯು ಸಾಕ್ಷಿ ನುಡಿದಿದೆ.

ಅಭ್ಯಾಸ
1. ‘ರೀಲರ್’ ಇಲಿಯ ಮೆದುಳಿನ ಪದರಗಳು ತಲೆಕೆಳಗಾಗಲು ಕಾರಣವೇನು?
2. ‘ತಪ್ಪು ಮಾತ್ರ ಯಾರದೂ ಅಲ್ಲ’ – ಈ ಮಾತನ್ನು ಸಮರ್ಥಿಸಿರಿ.