ವಾಲ್ವ್ ಮುಟ್ಟೂ ಮುಂಚೆ

ತಮ್ಮಾ, ಕೊಳಚಿ ನೀರು ಶುದ್ಧ ಮಾಡೋ ಘಟಕದಾಗ ನಿನಗ ಕೆಲಸ ಸಿಕ್ಕದಂತ ನಿಮ್ಮವ್ವ ಹೇಳಿದ್ಲು. ಮಂದಿ ಮೂಗು ಮುರೀತಾರ, ಮುರೀಲಿ ಬಿಡು. ಇನ್ನ ನಿನ್ನ ಸಹವಾಸ ಪಂಪಿನ ಜೋಡಿ. ಅದರ ಸ್ವಭಾವ ಮೊದಲ ತಿಳ್ಕೊ.

ಕೊಳಚಿ ಬಂದು ಸೇರೋ ಬಾವಿಯೊಳಗ ಇಳಿಬಿಟ್ಟಿರೋದು ಸೆಂಟ್ರಿಫ್ಯೂಗಲ್ ಪಂಪು. ಕಡಗೋಲು ಜೋರ ತಿರುಗಿದ್ರ ಮಜ್ಜಿಗಿ ಗಡಿಗಿ ಅಂಚಿಗೆ ಏರ್ತದಲ್ಲ, ಅಷ್ಟ ಅದರ ಗುಟ್ಟು. ಇಂಪೆಲ್ಲರ್ ಅನ್ನೋ ತಿರುಗೋ ಚಕ್ರ ನೀರನ್ನ ಹೊರಗೆ ಎಸೀತದ, ನಡುವಿನ ತೆರವಿಗೆ ಹೊಸ ನೀರು ನುಗ್ತದ. ಚಿಂದಿ, ಕೂದಲಾ ಬರೋ ಜಾಗಾ ಇದು. ಇಂಪೆಲ್ಲರಿನ ದಾರಿ ಅಗಲ ಇರಬೇಕು, ಮುಂದಿನ ಜಾಳಿಗಿ ದಿನಾ ಸ್ವಚ್ಛ ಆಗಬೇಕು.

ಪಂಪು ನೀರಿನ ಮ್ಯಾಲೆ ಕುಂತಿದ್ರ ಇನ್ನೊಂದು ಲೆಕ್ಕ. ನೀರನ್ನ ಮ್ಯಾಲೆ ತಳ್ಳೋದು ಹೊರಗಿನ ಗಾಳಿ. ಸಮುದ್ರದ ದಂಡಿಗೆ ಅದು 10 ಮೀಟರ್ ಚಿಲ್ಲರೆ ಎತ್ತತದ. ಹುಬ್ಬಳ್ಳಿ-ಧಾರವಾಡದ ಎತ್ತರಕ್ಕ ಒಂಬತ್ತೂವರೆ. ಪೈಪಿನ ತಿಕ್ಕಾಟ ಕಳದ್ರ 6-7ರ ಮ್ಯಾಲೆ ಆಸೆ ಬ್ಯಾಡ. ಒಳಗ ಗರಸು ಉರುಳಿದಂಗ ಸಪ್ಪಳ ಬಂದ್ರ ಕಲ್ಲು ಹುಡುಕಬ್ಯಾಡ. ನೀರು ಸಾಲದ್ದಕ್ಕ ಹುಟ್ಟೋ ಗುಳ್ಳಿ ಒಡಿಯೋ ಸಪ್ಪಳ ಅದು, ಇಂಪೆಲ್ಲರನ್ನ ಕೊರದು ತಿಂತದ.

ತಳಕ್ಕ ಕುಂತ ಸ್ಲಡ್ಜಿನ ಮಾತ ಬ್ಯಾರೆ. ಇಡ್ಲಿ ಹಿಟ್ಟಿನಂಗ ಗಟ್ಟಿ. ಎಸದ್ರ ಹೋಗೂದಿಲ್ಲ, ದೂಡಬೇಕು. ಅದಕ್ಕ ಸ್ಕ್ರೂ ಪಂಪು. ಉಕ್ಕಿನ ತಿರುಪು ರಬ್ಬರ್ ಗೂಡಿನೊಳಗ ತಿರುಗಿ, ಚಕ್ಕುಲಿ ಒರಳಿನಂಗ ಮುಂದ ತಳ್ತದ. ಒಣಾ ಓಡಿಸಿದ್ರ ಕೆಲವ ನಿಮಿಷದಾಗ ರಬ್ಬರ್ ಸುಟ್ಟು ಹೋಗ್ತದ.

ಈಗ ಕಿವಿಗೊಟ್ಟು ಕೇಳು. ಸೆಂಟ್ರಿಫ್ಯೂಗಲ್ ಪಂಪನ್ನ ಹೊರಗಿನ ವಾಲ್ವ್ ಮುಚ್ಚಿ ಶುರು ಮಾಡೋ ರೂಢಿ ಅದ, ಮೋಟರಿಗೆ ಹೊರಿ ಕಡಿಮಿ ಅಂತ. ಅದೇ ಕೈಯಿಂದ ಸ್ಕ್ರೂ ಪಂಪಿನ ವಾಲ್ವ್ ಮುಚ್ಚಿದ್ಯೋ, ಕೆಟ್ಟಿ! ಅದಕ್ಕ ಸುಮ್ಮನ ತಿರುಗೋದು ಗೊತ್ತಿಲ್ಲ. ಪೈಪರ ಒಡೀಬೇಕು, ಮೋಟರರ ಸುಡಬೇಕು. ನಾ ಹೊಸದಾಗಿ ಸೇರಿದಾಗ ಹಂಗ ಮಾಡಿ, ಜಾಯಿಂಟ್ ಬಿಚ್ಚಿ ಸ್ಲಡ್ಜೆಲ್ಲಾ ಮೈಮ್ಯಾಲೆ ಬಿತ್ತು. ಮೂರು ದಿನ ಜಳಕಾ ಮಾಡಿದ್ರೂ ನಿಮ್ಮತ್ತಿ ಒಳಗ ಬಿಡಲಿಲ್ಲ.

ಪಂಪು ಸಿಕ್ಕೊಂಡ್ರ ಸರಪಳಿ ಹಿಡಿದು ಮ್ಯಾಲೆ ಎಳಸು, ಬಾವಿಗೆ ಇಳೀಬ್ಯಾಡ, ಒಳಗ ವಿಷದ ಗಾಳಿ ಇರ್ತದ. ಕೊಳತ ತತ್ತಿ ವಾಸನಿ ಥಟ್ಟನ ನಿಂತ್ರ ಗಾಳಿ ಶುದ್ಧ ಆತು ಅಂತಲ್ಲ, ನಿನ್ನ ಮೂಗು ಸತ್ತದ ಅಂತ. ರಕ್ಷಣಾ ಸಲಕರಣಿ ಇಲ್ದ ಮನಷಾನ್ನ ಒಳಚರಂಡಿಗೆ ಇಳಿಸೋದು 2013ರ ಕಾಯಿದೆ ಪ್ರಕಾರ ಅಪರಾಧ. ಸಾಹೇಬ್ರು ಹೇಳಿದ್ರೂ ಒಲ್ಲೆ ಅನ್ನು.

ರಾತ್ರಿಪಾಳಿಯಾಗ ನಿದ್ದಿ ಎಳದಾಗ ಒಂದು ನೆನಪಿರಲಿ: ಹುಬ್ಬಳ್ಳಿ ನಾಲಾದ ನೀರು ಬೆಣ್ಣಿಹಳ್ಳಕ್ಕ ಹೋಗ್ತದ, ಯಮನೂರ ಜಾತ್ರಿಗೆ ಬಂದ ಮಂದಿ ಆ ಹಳ್ಳದಾಗ ಜಳಕಾ ಮಾಡ್ತಾರ.